ಮಂಗಳ ಹಾಡಿದ ಮೇಲೆ

ಮನೆ ಬದಲಾಯಿಸಲು ಸಾಮಾನು ಕಟ್ಟುತ್ತಿದ್ದಾಗ ಕಪಾಟಿನ ತಳದಲ್ಲಿ ಆ ಶ್ರುತಿ ಪೆಟ್ಟಿಗೆ ಸಿಕ್ಕಿತು. ಕರೆಂಟಿನಲ್ಲಿ ನಡೆಯುವ, ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಸುತ್ತಿದ್ದ ಹಸಿರು ರೇಷ್ಮೆ ಬಟ್ಟೆ ಬಿಚ್ಚಿದೆ. ಗಂಧದ ವಾಸನೆ ಬಂತು, ಅದರ ಹಿಂದೆಯೇ ಹಾಲು ಸೀದ ವಾಸನೆ... ಇಷ್ಟು ವರ್ಷ ಹಾಲಿನ ವಾಸನೆ ಬಟ್ಟೆಯಲ್ಲಿ ಉಳಿಯುವುದಿಲ್ಲ. ಅದು ನನ್ನ ಮಿದುಳಿನಿಂದಲೇ ಬಂದಿರಬೇಕು. ಮಿದುಳಿನ ಬಗ್ಗೆಯೇ ಓದಿದವಳು ನಾನು, ಇಷ್ಟು ಗೊತ್ತಿದೆ. ಗೊತ್ತಿದ್ದೂ ಎದ್ದು ಹೋಗಿ ಒಲೆ ನೋಡಿ ಬಂದೆ.

ಆಗ ನಾನು ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೆ. ಶಾಸ್ತ್ರೀಯ ಸಂಗೀತ ಕೇಳುವಾಗ ಮಿದುಳಿನಲ್ಲಿ ಏನಾಗುತ್ತದೆ ಎಂಬುದು ನನ್ನ ವಿಷಯ. ಶನಿವಾರ, ಭಾನುವಾರ ವಯಸ್ಸಾದವರ ಕೇರ್ ಹೋಮಿನಲ್ಲಿ ಕೆಲಸ. ಅಪ್ಪ ಗಾರೆ ಕೆಲಸದವರು, ಅಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೋ ಕೈಹಿಡಿದು ಕರೆತಂದು ಕೂರಿಸಿದ ಜಾಗವಲ್ಲ ಅದು. ಆದರೆ ನಮ್ಮ ಮನೆಯಲ್ಲಿ ಸಂಗೀತವೆಂದರೆ ರೇಡಿಯೋದ ಸಿನಿಮಾ ಹಾಡು. ಕಚೇರಿ ಎಂದರೆ ತಾಲ್ಲೂಕು ಕಚೇರಿ.

ಟಿವಿಡೇಲ್ ದೇವಸ್ಥಾನಕ್ಕೆ ಹತ್ತಿರದ ಒಂದು ಬೀದಿಯಲ್ಲಿ ರೂಮು ಹಿಡಿದಿದ್ದೆ. ಸಾಲುಮನೆಗಳು, ನಡುವೆ ಒಂದೇ ತೆಳು ಗೋಡೆ. ಬಂದ ಮೊದಲ ಸಂಜೆಯೇ ಗೋಡೆಯಾಚೆಯಿಂದ ಜೇನುಗೂಡು ಮೊರೆದ ಹಾಗೆ ಶ್ರುತಿ ಕೇಳಿಸಿತು. ಅದರ ಮೇಲೊಂದು ಹೆಂಗಸಿನ ದನಿ: "ಕಾ...ಫಿ... ಬೇ...ಕು..." ರಾಗವಾಗಿ, ನಿಧಾನವಾಗಿ. ಮೈ ಜುಮ್ಮೆಂದಿತು.

ಅವರು ಸಂಗೀತದ ಟೀಚರ್. ಮೈಸೂರಿನವರು. ಮೂವತ್ತು ವರ್ಷ ಆ ಸುತ್ತಮುತ್ತಲಿನ ಮಕ್ಕಳಿಗೆ ಪಾಠ ಹೇಳಿದವರಿಗೆ ಸ್ಟ್ರೋಕ್ ಆಗಿ ಮಾತು ಹೋಗಿತ್ತು. ಹಾಡು ಹೋಗಿರಲಿಲ್ಲ. ಹಾಗಾಗುವುದುಂಟು, ಮಿದುಳಿನಲ್ಲಿ ಮಾತಿನ ದಾರಿ ಕಡಿದುಹೋದರೂ ಹಾಡಿನ ದಾರಿ ಉಳಿದಿರುತ್ತದೆ. ಶ್ರುತಿ ಹಾಕಿದರೆ ನೀರು, ನೋವು, ಚಳಿ ಎಲ್ಲವನ್ನೂ ಹಾಡಿ ಹೇಳುತ್ತಿದ್ದರು. ಅವರ ಯಜಮಾನರು ರಿಟೈರ್ ಆದ ಜಿಪಿ, ಬಡಾವಣೆಯ ಡಾಕ್ಟರು. ನಾನು ಅಂಕಲ್ ಎನ್ನುತ್ತಿದ್ದೆ.

"ನಮ್ಮನೇಲಿ ಕಾಫಿ ಈಗ ಮೋಹನ ರಾಗದಲ್ಲಿ ಬರುತ್ತೆ ಕಣಮ್ಮ," ಎಂದು ನಗುತ್ತಿದ್ದರು ಅವರು. "ನಾನು ತಡ ಮಾಡಿದ್ರೆ ಎರಡನೇ ಕಾಲದಲ್ಲಿ, ಡಬ್ಬಲ್ ಸ್ಪೀಡಲ್ಲಿ ಹಾಡ್ತಾಳೆ. ಬೈಗುಳ ಅದು."

ನಗುತ್ತಿದ್ದರೂ ಆ ಹಾಡೊಂದೇ ಅವರಿಬ್ಬರ ನಡುವೆ ಉಳಿದಿದ್ದ ದಾರಿ ಎಂಬುದು ಮನೆಗೆ ಬಂದ ಯಾರಿಗಾದರೂ ಕಾಣುತ್ತಿತ್ತು. ಸುಮ್ಮನೆ ಕೂತಾಗಲೂ ಟೀಚರ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಲೇ ಇರುತ್ತಿತ್ತು. ನಿದ್ದೆಯಲ್ಲೂ ಬೆರಳು ಎಣಿಸುತ್ತವೆ ಎಂದು ಅಂಕಲ್ ಹೇಳಿದ್ದರು.

ನನ್ನ ಪ್ರಬಂಧದ ಪ್ರಯೋಗಕ್ಕೆ ಹಾಡುಗಳನ್ನು ಆರಿಸಬೇಕಿತ್ತು. ಅದಕ್ಕೂ ಮುಂಚೆ ಟೀಚರಿಗೆ ಕೇಳಿಸಿ ನೋಡುತ್ತೇನೆ ಎಂದೆ. ಅಂಕಲ್ ಸಂತೋಷದಿಂದ ಒಪ್ಪಿದರು. ಯಾವ ಹಾಡಿಗೆ ತಾಳ ಬದಲಾಗುತ್ತದೆ, ಎಲ್ಲಿ ತೋಳಿನ ರೋಮ ಎದ್ದು ನಿಲ್ಲುತ್ತದೆ ಎಂದು ಬರೆದುಕೊಳ್ಳುವುದು, ಅಷ್ಟೇ. ಹತ್ತಾರು ಕಚೇರಿಗಳ ರೆಕಾರ್ಡಿಂಗ್ ಒಟ್ಟು ಮಾಡಿದೆ. ನೋಡುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಗಾಯಕರು ಬೇರೆ ಬೇರೆಯಾದರೂ ಹೆಚ್ಚುಕಡಿಮೆ ಎಲ್ಲ ಕಚೇರಿಗಳ ಕೊನೆಯಲ್ಲಿ ಅದೇ ಒಂದು ಚಿಕ್ಕ ಹಾಡು. ಎಲ್ಲರೂ ಹಾಡುವುದಾದರೆ ಇದು ಎಲ್ಲರಿಗೂ ಬಲು ಪ್ರಿಯವಾದದ್ದೇ ಇರಬೇಕು ಎಂದು ಲೆಕ್ಕ ಹಾಕಿದೆ. ಓದಿದವಳ ಲೆಕ್ಕ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು ಅದನ್ನು ಪಟ್ಟಿಯ ಮೊದಲಿಗೆ ಹಾಕಿದೆ.

ಒಂದು ಮಧ್ಯಾಹ್ನ ಹೋದೆ. ಅಂಕಲ್ ಕಾಫಿಗೆ ಹಾಲಿಟ್ಟಿದ್ದರು. ಟೀಚರ ಪಕ್ಕದಲ್ಲಿ ಶ್ರುತಿ ಪೆಟ್ಟಿಗೆ ಮೊರೆಯುತ್ತಿತ್ತು. ಸ್ಪೀಕರಿನಲ್ಲಿ ಆ ಹಾಡು ಹಾಕಿದೆ.

ಟೀಚರ ಬೆನ್ನು ನೆಟ್ಟಗಾಯಿತು. ಬರೀ ಕೇಳಲಿಲ್ಲ, ಜೊತೆಗೆ ಹಾಡಿಯೇಬಿಟ್ಟರು. ಒಂದಕ್ಷರ ತಪ್ಪದೆ, ಎಂದೂ ಸ್ಟ್ರೋಕೇ ಆಗದವರ ಹಾಗೆ. ತೋಳಿನ ರೋಮವೆಲ್ಲ ಎದ್ದು ನಿಂತಿತ್ತು. ನಾನು ಬರೆದುಕೊಳ್ಳುವುದನ್ನೂ ಮರೆತು ಕೂತೆ.

"ಅಯ್ಯೋ, ಅದನ್ನ ನಿಲ್ಲಿಸಮ್ಮ!"

ಅಂಕಲ್ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಹಾಲು ಉಕ್ಕಿ ಒಲೆಯ ಮೇಲೆ ಸೀಯುತ್ತಿತ್ತು. ನಾನು ಸ್ಪೀಕರ್ ಆರಿಸಿದೆ. ಟೀಚರ್ ನಿಲ್ಲಿಸಲಿಲ್ಲ. ಕೊನೆಯ ಸಾಲಿನವರೆಗೂ ಒಬ್ಬರೇ ಹಾಡಿ ಮುಗಿಸಿದರು. ಎದುರಿನ ಖಾಲಿ ಸೋಫಾಕ್ಕೆ ಕೈಮುಗಿದರು. ಆಮೇಲೆ ಎಡಕ್ಕೆ ತಿರುಗಿ ತಲೆಬಾಗಿದರು, ಬಲಕ್ಕೆ ತಿರುಗಿ ತಲೆಬಾಗಿದರು. ಅಲ್ಲಿ ಪಿಟೀಲಿನವರೂ ಇರಲಿಲ್ಲ, ಮೃದಂಗದವರೂ ಇರಲಿಲ್ಲ. ಕೈಚಾಚಿ ಶ್ರುತಿ ಪೆಟ್ಟಿಗೆಯ ಗುಂಡಿ ಒತ್ತಿ ಆರಿಸಿ, ಅದರ ಮೇಲೆ ಹಸಿರು ಬಟ್ಟೆ ಎಳೆದರು. ತೊಡೆಯ ಮೇಲಿನ ಕೈ ನಿಂತುಹೋಗಿತ್ತು.

"ಏನಾಯ್ತು ಅಂಕಲ್?"

"ಅದು ಮಂಗಳ ಕಣಮ್ಮ," ಎಂದರು ಮೆಲ್ಲಗೆ. "ಕಚೇರಿ ಮುಗೀತು ಅಂತ. ಅದಾದ್ಮೇಲೆ ಯಾರೂ ಹಾಡಲ್ಲ." ನನ್ನ ಮುಖ ನೋಡಿ, "ನಿಂಗೆ ಗೊತ್ತಿರ್ಲಿಲ್ಲ, ಬಿಡು. ನಾಳೆ ಹೊಸ ಕಚೇರಿ ಶುರು ಮಾಡಿದ್ರಾಯ್ತು," ಎಂದರು.

ಮರುದಿನ ಬೆಳಿಗ್ಗೆ ಅವರೇ ಒಂದು ವರ್ಣ ಹಾಕಿದರು. ಕಚೇರಿ ಶುರುವಾಗುವುದು ವರ್ಣದಿಂದಂತೆ. ಟೀಚರ್ ಸಭಿಕರ ಹಾಗೆ ಕೈಕಟ್ಟಿ ಕೇಳಿದರು. ಹಾಡಲಿಲ್ಲ. ನಾನೂ ದಿನಾ ಹೋಗಿ ಬೇರೆ ಬೇರೆ ಹಾಡು ಹಾಕಿದೆ. ಒಳ್ಳೆಯ ಜಾಗ ಬಂದಾಗ ರೋಮ ಏಳುತ್ತಿತ್ತು. ಕಿವಿ ಕೇಳುತ್ತಿತ್ತು, ಮಿದುಳು ಗುರುತಿಸುತ್ತಿತ್ತು, ಮೈ ಉತ್ತರ ಕೊಡುತ್ತಿತ್ತು. ಹಾಡುವವರು ಮಾತ್ರ ವೇದಿಕೆಯಿಂದ ಎದ್ದು ಹೋಗಿದ್ದರು. ಇನ್ನೊಂದು ಸಣ್ಣ ಸ್ಟ್ರೋಕ್ ಆಗಿರಬಹುದು ಎಂದು ಸ್ಕ್ಯಾನ್ ಮಾಡಿಸಿದರು. ಹೊಸದೇನೂ ಕಾಣಲಿಲ್ಲ.

ಆಮೇಲಿನ ಸಂಜೆಗಳಲ್ಲಿ ಗೋಡೆಯಾಚೆಯಿಂದ ಶ್ರುತಿ ಶುರುವಾಗುವುದು ಕೇಳಿಸುತ್ತಿತ್ತು. ಅಂಕಲ್ ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಟಕ್ ಎಂದು ಆರುತ್ತಿತ್ತು. ಮತ್ತೆ ಮೊರೆತ. ಮತ್ತೆ ಟಕ್. ಜಗಳವಿಲ್ಲ, ಅಳುವಿಲ್ಲ, ಒಂದು ಮಾತಿಲ್ಲ. ನಾನು ಪುಸ್ತಕ ತೆರೆದಿಟ್ಟುಕೊಂಡು ಉಸಿರು ಹಿಡಿದು ಕೂತಿರುತ್ತಿದ್ದೆ, "ಕಾಫಿ ಬೇಕು" ಎಂಬ ಎರಡು ಮಾತಿಗಾಗಿ...

ಮುಂದಿನ ವಸಂತದಲ್ಲಿ ಟೀಚರ್ ತೀರಿಕೊಂಡರು. ನೋವಿತ್ತೋ, ಚಳಿಯಿತ್ತೋ, ಏನು ಬೇಕಿತ್ತೋ, ಕೊನೆಯವರೆಗೆ ಅಂಕಲ್‌ಗೆ ಹೇಳಲಿಲ್ಲ. ಅಂಕಲ್ ಲೀಡ್ಸ್‌ನ ಮಗನ ಮನೆಗೆ ಹೊರಡುವಾಗ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. "ನಾನು ಇದನ್ನ ಹಾಕಿದ್ರೆ ಆರಿಸೋರು ಬೇಕು ಕಣಮ್ಮ," ಎಂದರು. ತಮಾಷೆಗೆ ಹೇಳಿದರು ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ನನಗೆ ಡಿಸ್ಟಿಂಕ್ಷನ್ ಬಂತು. ಗೌನು ತೊಟ್ಟ ಫೋಟೋ ಊರಿನ ಮನೆಯ ಗೋಡೆಯಲ್ಲಿದೆ. ಅಪ್ಪ ಬಂದವರಿಗೆಲ್ಲ ತೋರಿಸುತ್ತಾರೆ. ಆ ಪ್ರಬಂಧದಲ್ಲಿ ಟೀಚರ ಬಗ್ಗೆ ಒಂದು ಸಾಲೂ ಇಲ್ಲ. ಈಗ ಮೆಮೊರಿ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೇನೆ. ಮರೆವಿನ ಕಾಯಿಲೆಯವರ ಮನೆಯವರು ಅಮ್ಮನಿಗೋ ಅಜ್ಜನಿಗೋ ಕೇಳಿಸಲು ಹಾಡು ತಂದರೆ, ಯಾವ ಭಾಷೆಯದ್ದಾದರೂ ಸರಿ, ಮೊದಲು ಕೇಳುವುದು ಒಂದೇ: ನಿಮ್ಮಲ್ಲಿ ಇದನ್ನು ಯಾವಾಗ ಹಾಡುತ್ತಾರೆ? ಅಂಥ ಪ್ರಶ್ನೆ ನನಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ.

ಇವತ್ತು ಪೆಟ್ಟಿಗೆಯನ್ನು ಪ್ಲಗ್ಗಿಗೆ ಹಾಕಿದೆ. ಮೊರೆಯಿತು. ಡಬ್ಬಿಗಳ ನಡುವೆ ನೆಲದ ಮೇಲೆ ಕೂತೆ. ಟೀಚರಿಗಾಗಿ ಏನಾದರೂ ಹಾಡೋಣವೆನ್ನಿಸಿತು. ಆ ಪರಂಪರೆಯಲ್ಲಿ ನನಗೆ ಪೂರ್ತಿ ಬರುವುದು ಒಂದೇ ಹಾಡು. ಆ ಮಧ್ಯಾಹ್ನ ಅವರ ಬಾಯಿಂದ ಒಮ್ಮೆ ಕೇಳಿದ್ದು. ಹೇಗೆ ಉಳಿಯಿತೋ, ಒಂದಕ್ಷರವೂ ಮರೆತಿಲ್ಲ.

ಬಾಯಿ ತೆರೆದೆ... ಹಾಡಲಿಲ್ಲ. ಶ್ರುತಿಯನ್ನು ಆರಿಸಲೂ ಕೈ ಬರಲಿಲ್ಲ. ಯಾರಾದರೂ ಆರಿಸಲಿ ಎಂದು ಎಷ್ಟು ಹೊತ್ತು ಕಾದೆನೋ.

ಕೆಳಗೆ ನೋಡಿದರೆ ನನ್ನ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನನಗೆ ಯಾರೂ ತಾಳ ಕಲಿಸಿಲ್ಲ.