ನಲ್ಲಿ ನೀರು ಬಾರದ ಬೆಳಗು

ಬಾಗಲಕೋಟೆಯ ಕಾಲೇಜಿನಲ್ಲಿ ನಾನು ಕಲಿಸುವುದು ವ್ಯವಸ್ಥಾ ಸಿದ್ಧಾಂತ. ಬಿಡಿ ಭಾಗಗಳೆಲ್ಲ ಸರಿಯಿದ್ದರೂ ಅವು ಒಂದಕ್ಕೊಂದು ಕೂಡಿಕೊಂಡ ರೀತಿಯಿಂದಲೇ ಇಡೀ ವ್ಯವಸ್ಥೆ ಕೆಡಬಹುದು ಎಂಬುದು ಅದರ ಮೊದಲ ಪಾಠ. ಬೋರ್ಡಿನ ಮೇಲೆ ಚೌಕ ಬರೆದು ಬಾಣ ಎಳೆಯುತ್ತೇನೆ, ಹುಡುಗರು ಆಕಳಿಸುತ್ತಾರೆ. ಬಾಣಕ್ಕೆ ಯಾರು ಹೆದರುತ್ತಾರೆ? ನಾನು ಹೆದರುತ್ತೇನೆ, ಇಳಕಲ್ಲಿನ ನಮ್ಮ ಮನೆಯಲ್ಲಿ ಕಂಡ ಒಂದು ಬೆಳಗಿನಿಂದ.

ಅವ್ವನಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ನನ್ನ ಹೆಂಡತಿ ಇನ್ಸುಲಿನ್ ಚುಚ್ಚುತ್ತಿದ್ದಳು. ಅವ್ವ ಜಳಕ ಮಾಡಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿ ರೊಟ್ಟಿಗೆ ಕೂಡುತ್ತಿದ್ದಳು. ಪೂಜೆಗೆ ಮೊದಲು ಹನಿ ನೀರೂ ಬಾಯಿಗೆ ಹಾಕುವವಳಲ್ಲ.

ಅಂದು ಕರೆಂಟು ಹೋಗಿ ನಲ್ಲಿ ನೀರು ಬರಲಿಲ್ಲ. ಕುಡಿಯಲು ಒಂದು ಕೊಡ ಮಾತ್ರ ಉಳಿದಿತ್ತು. ಹೆಂಡತಿ ಎಂದಿನಂತೆ ಹೊತ್ತಿಗೆ ಸರಿಯಾಗಿ ಸೂಜಿ ಚುಚ್ಚಿದಳು. ಅವ್ವ ಎಂದಿನಂತೆ ಜಳಕಕ್ಕೆ ಕಾದಳು. ನಾನು ಎಂದಿನಂತೆ ಪಾಠದ ಬಾಣಗಳನ್ನು ತಿದ್ದುತ್ತ ಕೂತಿದ್ದೆ.

“ಅಣ್ಣಾ, ಬಂಡಿ ಹೂಡಿದೇನ?”

ತಲೆಯೆತ್ತಿದೆ. ತವರೂರು ಗುಡೂರಿನಲ್ಲಿ ಎಂದೋ ತೀರಿಹೋದ ತನ್ನ ಅಣ್ಣನೆಂದು ಅವ್ವ ನನ್ನನ್ನು ಕರೆಯುತ್ತಿದ್ದಳು. ಹಣೆ ತುಂಬ ಬೆವರು, ಕೈಗಳು ಗಡಗಡ ನಡುಗುತ್ತಿದ್ದವು. ಸೂಜಿ ಬಿದ್ದ ಮೇಲೆ ಹೊಟ್ಟೆಗೆ ಏನೂ ಬೀಳದೆ ರಕ್ತದ ಸಕ್ಕರೆ ಕುಸಿದಿತ್ತು. ಹೆಂಡತಿ ಸಕ್ಕರೆ ತಂದರೆ ಅವ್ವ ತುಟಿ ಬಿಗಿಹಿಡಿದಳು. ಅಷ್ಟು ಮಂಪರಿನಲ್ಲೂ ಪೂಜೆ ಆಗಿಲ್ಲವೆಂಬುದು ಮಾತ್ರ ಅವಳಿಗೆ ನೆನಪಿತ್ತು. ದವಾಖಾನೆಗೆ ಒಯ್ಯುವಷ್ಟು ಹೊತ್ತಿರಲಿಲ್ಲ.

ಕೊನೆಗೆ ಕುಡಿಯುವ ನೀರಿನ ಕೊಡವನ್ನೇ ಎಳೆದು ಅವಳ ಕೈಕಾಲು ತೊಳೆದೆ. ಹಣೆಗೆ ವಿಭೂತಿ ಹಚ್ಚಿದೆ. ಅವಳೇ ತಡವರಿಸುತ್ತ ಲಿಂಗ ತೆಗೆದಳು. ನಡುಗುವ ಅವಳ ಅಂಗೈ ಕೆಳಗೆ ನನ್ನ ಅಂಗೈ ಕೊಟ್ಟು, ನೀರು ಬಿಟ್ಟು, ಬಾಯಿಗೆ ಬಂದ ಮಂತ್ರ ಹೇಳಿ, ಸಕ್ಕರೆಯನ್ನು ಲಿಂಗಕ್ಕೆ ತೋರಿಸಿದೆ.

“ಪೂಜಿ ಆತವ್ವಾ. ಇದು ಪ್ರಸಾದ, ತಗೋ.”

ಬಾಯಿ ತೆರೆದಳು. ಸ್ವಲ್ಪ ಹೊತ್ತಿಗೆ ಬೆವರು ಆರಿ, ನನ್ನನ್ನು ದಿಟ್ಟಿಸಿ ನೋಡಿ, ಪೂಜೆ ಬಿಟ್ಟು ಕೂತವನಿಗೆ ಮಂತ್ರ ಹೇಗೆ ನೆನಪಾಯಿತು ಎಂದು ಕೇಳಿದಳು. ಹೆದರಿಕೆಗೆ ನೆನಪಾಯಿತು ಎಂದೆ.

ಡಾಕ್ಟರನ್ನು ಕೇಳಿ ಈಗ ಪೂಜೆ ಮುಗಿದ ಮೇಲೆಯೇ ಸೂಜಿ ಎಂದು ಮಾಡಿದ್ದೇವೆ. ಒಂದು ಬಾಣದ ದಿಕ್ಕು ಬದಲಾಯಿತು, ಅಷ್ಟೇ. ಮನೆಯಲ್ಲಿ ಕಣ್ಣಿಗೆ ಕಾಣದ ಬಾಣಗಳು ಇನ್ನೆಷ್ಟಿವೆಯೋ. ಅದಕ್ಕೇ ದಿನಾ ಮೊದಲ ಪಾಠಕ್ಕೆ ಹೋಗುವ ಮುನ್ನ ಅವ್ವನಿಗೆ ಫೋನ್ ಹಚ್ಚುತ್ತೇನೆ. ನೀರು ಬಂತೇ, ಉಂಡೆಯಾ ಎಂದು ಕೇಳುವುದಿಲ್ಲ.

“ಅವ್ವಾ, ನಾ ಯಾರು?”

“ನನ್ನ ಮಗ ಅದಿ. ಪಾಠ ಮಾಡ ಹೋಗು,” ಎಂದು ಬೈಯುತ್ತಾಳೆ. ಆಮೇಲೆ ಕ್ಲಾಸಿಗೆ ಹೋಗುತ್ತೇನೆ.