ಎಡಗೈ ತೆಡ್ಡು

ಅವ್ವನ ಬಲಗೈಗೆ ಲಕ್ವ ಹೊಡೆದ ವರ್ಷ ನಾನು ಪರಿಗಿ ಹತ್ತಿರದ ನಮ್ಮೂರಿಂದ ದಿನಾ ಬಸ್ಸು ಹಿಡಿದು ಹಿಂದೂಪುರದ ಗಾರ್ಮೆಂಟ್ಸಿಗೆ ಹೋಗುತ್ತಿದ್ದೆ. ಅಪ್ಪ ಹೊತ್ತು ಮೂಡುವ ಮುಂಚೆಯೇ ಹೊಲಕ್ಕೆ. ಹಗಲಿಡೀ ಮನೆಯಲ್ಲಿ ಅವ್ವ ಒಬ್ಬಳೇ. ಒಂದು ಭಾನುವಾರ, ನಾನೂ ಅಪ್ಪನೂ ಮನೆಯಲ್ಲಿದ್ದಾಗ, ಕಲ್ಯಾಣದುರ್ಗಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕ ಬಂದವಳೇ ಅವ್ವನ ಸೀರೆಗಳನ್ನು ಬ್ಯಾಗಿಗೆ ತುಂಬತೊಡಗಿದಳು.

"ಪೋದಾಂ ರಾಮ್ಮಾ, ನಮ್ಮನೆಗೆ ಹೋಗಾನ ಬಾ. ಇಲ್ಲಿ ನಿನ್ನ ಯಾರು ನೋಡ್ಕಂತಾರೆ?" ಅಕ್ಕನಿಗೆ ಕೋಪವೂ ಪ್ರೀತಿಯೂ ತೆಲುಗಿನಲ್ಲೇ ಶುರುವಾಗುತ್ತಿದ್ದವು.

ಅವ್ವನಿಗೆ ಹೋಗಲು ಸುತರಾಂ ಇಷ್ಟವಿರಲಿಲ್ಲ. ಆದರೂ, "ಹಿಟ್ಟು ತೊಳಸಾಕಾಗ್ದೋಳು ಎಲ್ಲಿದ್ರೇನು ಕಣಮ್ಮ," ಎಂದಳು.

ಅಪ್ಪ ಗೋಡೆಯ ಗೂಡಿನಲ್ಲಿದ್ದ ತೆಡ್ಡು ತೆಗೆದು ತಿರುಗಿಸಿ ನೋಡಿದ. ಮುದ್ದೆಗೆ ರಾಗಿಹಿಟ್ಟು ತೊಳಸುವ ಆ ಮರದ ಸೌಟು ಬಲಗೈಗೆ ಸವೆದು ಒಂದೇ ಕಡೆಗೆ ಓರೆಯಾಗಿತ್ತು. ಎಡಗೈಯಲ್ಲಿ ಹಿಡಿದರೆ ಅಂಚು ಪಾತ್ರೆಗೆ ತಾಗುತ್ತಿರಲಿಲ್ಲ. ಹೊರಗೆ ಹೋಗಿ ಹಸಿ ಹುಣಸೆ ಕೊಂಬೆ ಕಡಿದು ತಂದ. ಕೊರಡಿನ ಮೇಲೆ ನಿಲ್ಲಿಸಿ, ಕೈಕೊಡಲಿಯನ್ನು ಅಲಗಿನ ಹತ್ತಿರವೇ ಹಿಡಿದು, ಸಣ್ಣ ಸಣ್ಣ ಏಟು ಹಾಕುತ್ತ ಕೆತ್ತಿದ. ಹಿಡಿ ದಪ್ಪಗೆ, ಅಂಚು ಇನ್ನೊಂದು ಮಗ್ಗುಲಿಗೆ ಓರೆ. ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದ. ಒಣಗಲು ಬಿಡುವಷ್ಟು ಪುರುಸೊತ್ತಿರಲಿಲ್ಲ. ಅಪ್ಪ ದೊಡ್ಡ ಬಡಗಿಯೇನಲ್ಲ, ಅವನು ಮಾಡಿದ ಮಂಚದ ಮೇಲೆ ಮಲಗಿದವರಿಗೆ ಅದು ಗೊತ್ತು. ತೆಡ್ಡು ಮಾತ್ರ ಚೆನ್ನಾಗಿ ಬಂತು.

ಅವ್ವ ಒಲೆಯ ಮುಂದೆ ಕೂತು ಎಡಗೈಯಲ್ಲಿ ತೊಳಸಲು ಹೋದಳು. ತೆಡ್ಡಿನ ಜೊತೆ ಪಾತ್ರೆಯೂ ತಿರುಗಿತು. ತೊಳಸುವಾಗ ಪಾತ್ರೆ ಅಲುಗದಂತೆ ಕವೆಗೋಲಿನಿಂದ ಒತ್ತಿ ಹಿಡಿಯಬೇಕು. ಅದಕ್ಕೆ ಇನ್ನೊಂದು ಕೈ ಬೇಕು. ಅಪ್ಪನಿಗೆ ಇದು ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಉಂಡಿದ್ದನೇ ಹೊರತು ತೊಳಸುವುದನ್ನು ಕೂತು ನೋಡಿದವನಲ್ಲ. ಅವ್ವ ತೆಡ್ಡು ಕೆಳಗಿಟ್ಟಳು. ಅಕ್ಕ ಬ್ಯಾಗಿನ ಜಿಪ್ಪು ಎಳೆದಳು.

ಅಡುಗೆಮನೆಗೆ ಕಾಲಿಡದ ಅಪ್ಪ ಪಂಚೆ ಎತ್ತಿಕಟ್ಟಿಕೊಂಡು ಒಳಗೆ ಬಂದ. ಒಲೆಯ ಆಚೆ ಕುಕ್ಕರುಗಾಲಲ್ಲಿ ಕೂತು, ಕವೆಗೋಲನ್ನು ಪಾತ್ರೆಯ ಕಂಠಕ್ಕೆ ಕೊಟ್ಟು ಒತ್ತಿ ಹಿಡಿದ.

"ತೊಳಸೇ," ಎಂದ.

ಹೊಗೆಗೆ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವ್ವ ಅವನ ಮುಖವನ್ನೇ ನೋಡಿದಳು.

"ದಿನಾ ಹಿಡ್ಕಳಾಕಾಯ್ತದಾ ನಿಮ್ಗೆ?"

"ಹೊಲಕ್ಕೆ ಆಮ್ಯಾಕೆ ಹೋಯ್ತೀನಿ. ನೀನು ತೊಳಸು."

ಅವತ್ತಿನ ಹಿಟ್ಟಿನ ತುಂಬ ಗಂಟು. ಅಕ್ಕ ಅದನ್ನೇ ಮತ್ತೆ ಹಾಕಿಸಿಕೊಂಡು ಉಂಡು, ಕಣ್ಣೊರೆಸಿಕೊಂಡು, ಸಂಜೆ ಕಲ್ಯಾಣದುರ್ಗದ ಬಸ್ಸಿಗೆ ಒಬ್ಬಳೇ ಹತ್ತಿದಳು. ಅವ್ವ ಇರುವ ತನಕ ಅಪ್ಪ ಹೊಲಕ್ಕೆ ತಡವಾಗಿಯೇ ಹೋದ.