ಸಾಲಿಂ ಕುಡಿದ ಅಂಬಲಿ

ಮಸ್ಕತ್‌ನ ಗೋದಾಮಿನಾಗ ನನ್ನ ಜೋಡಿ ಕೆಲಸ ಮಾಡೋ ಸಾಲಿಂ ಅಲ್ಲಿಯವನೇ. ಅವನ ಮ್ಯಾಲಿನ ಹಲ್ಲೆಲ್ಲ ಹೋಗಿದ್ವು. ದವಡಿಗೆ ತಿರುಪು ಹಾಕಿ ಪೂರಾ ಸಾಲು ಕೂಡಿಸೋದು ಹೈದರಾಬಾದಿನಾಗ ಭಾಳ ಸೋವಿ ಅಂತ ನಾನೇ ರಜಾದಾಗ ಕರಕೊಂಡು ಬಂದೆ. ಹಲ್ಲು ಕೂಡಿಸಿದ ಡಾಕ್ಟ್ರು, "ಇವು ಸದ್ಯಕ್ಕ ಅಷ್ಟೇ. ಪಕ್ಕಾ ಹಲ್ಲಿಗೆ ನಾಕು ತಿಂಗಳು ಬಿಟ್ಟು ಬರ್ರಿ. ಅಲ್ಲೀತನಕ ಮೆತ್ತಂದೇ ತಿನ್ರಿ" ಅಂದ್ರು. ಹತ್ತು ದಿನ ಆರಾಮ ಮಾಡಲಿ ಅಂತ ಸುರಪುರದ ನಮ್ಮ ಮನಿಗೆ ಕರಕೊಂಡು ಹೋದೆ.

ನಮ್ಮಾಕಿ ಶಿರಾ ಮಾಡಿದ್ಲು, ಗೋಧಿ ಹುಗ್ಗಿ ಮಾಡಿದ್ಲು. ಅವಂಗ ಸಿಹಿ ಸೇರಲಿಲ್ಲ. ಹಿಡಿಸಿದ್ದು ಜೋಳದ ಅಂಬಲಿ ಒಂದೇ, ಮೂರೂ ಹೊತ್ತು ಅದನ್ನೇ ಬೇಡತಿದ್ದ.

"ಸಮುದ್ರ ದಾಟಿ ಬಂದ ಮನಷ್ಯಾಗ ಬರೇ ಅಂಬಲಿ ಕುಡಿಸಾಕತ್ತೀವಂದ್ರ ಓಣ್ಯಾಗ ಹ್ಯಾಂಗ ಮುಖ ತೋರಸಲಿ?" ಅಂತ ಆಕಿ, ಅವ ಕುಡಿಯೋ ಹೊತ್ತಿಗೆ ಬಾಗಲಾ ಹಾಕತಿದ್ಲು.

"ಬಾಗಲಾ ಯಾಕ?" ಅಂತ ಸಾಲಿಂ ಹಿಂದಿಯೊಳಗ ಕೇಳಿದ.

"ಗಾಳಿ" ಅಂದೆ. ಹೊರಗ ಒಂದು ಎಲಿನೂ ಅಳ್ಳಾಡತಿರಲಿಲ್ಲ.

ಹೊರಡೋ ದಿನ ಓಣಿ ಮಂದಿಯೆಲ್ಲ ಕೂಡಿದ್ರು. ಸಾಲಿಂ ಎದಿ ಮ್ಯಾಲ ಕೈ ಇಟ್ಟು, ಯಾವಾಗ ಕಲಿತಿದ್ನೋ ಏನೋ, ಕನ್ನಡದಾಗೇ ಅಂದ: "ಅಕ್ಕಾರು ಹತ್ತು ದಿನ ಅಂಬಲಿ ಕೊಟ್ರು. ಬರೇ ಅಂಬಲಿ. ಭಾಳ ಚಲೋ!"

ಮಂದಿ ನಮ್ಮಾಕಿ ಮುಖ ನೋಡಿದ್ರು. ಆಕಿ ನನ್ನ ಮುಖ ನೋಡಿದ್ಲು.

ಈಗ ಇಬ್ರೂ ಮಸ್ಕತ್‌ಗೆ ವಾಪಸ್ ಬಂದೀವಿ. ಅವ ಪಕ್ಕಾ ಹಲ್ಲಿಗೆ ಹೋಗಾಕ ಇನ್ನೂ ಮೂರು ತಿಂಗಳು ಅದಾವ. ನಿನ್ನೆ ನಮ್ಮಾಕಿ ಫೋನಿನಾಗ ಒಣಗಿಸಿ ಬುಟ್ಟಿ ತುಂಬ ಒಟ್ಟಿದ ಕಟಕ್ ರೊಟ್ಟಿ ತೋರಿಸಿದ್ಲು. "ಅವಂಗ ಹೇಳ್ರಿ" ಅಂದ್ಲು, "ಈ ಸಲ ಕಟ್ಟಿ ಮ್ಯಾಲ ಕುಂತು, ಓಣಿಗೆಲ್ಲ ಕೇಳೋಹಂಗ ಕಡೀಬೇಕು."